ಪಾಲಿಗೆ ಬಂದ ಪದವು

ಕಳೆದ ವರ್ಷದ ಶಾಬಾನ್ ತಿಂಗಳಲ್ಲಿ ಅಣ್ಣ ಫೋನ್ ಮಾಡಿದರು. ತವರುಮನೆಯ ಹಿಂದಿರುವ ಪದವಿಗೆ ಒಳ್ಳೆಯ ಬೆಲೆ ಬಂದಿದೆ, ಕೆಂಪುಕಲ್ಲಿನ ಕೋರೆ ನಡೆಸುವವರೊಬ್ಬರು ಬಂದು ನೋಡಿ ಹೋಗಿದ್ದಾರೆ ಎಂದರು. "ಅಲ್ಲಿ ಬೆಳೆಯುವುದಾದರೂ ಏನು? ಬರೀ ಕಲ್ಲು. ಒಂದು ಸಹಿ ಹಾಕಿದರೆ ಸಾಕು, ನಿನ್ನ ಪಾಲಿನ ಹಣ ನಿನ್ನ ಕೈಸೇರುತ್ತದೆ."

ಅಣ್ಣ ಹಕ್ಕು ತಪ್ಪಿಸುವವರಲ್ಲ. ತಂದೆ ತೀರಿಕೊಂಡಾಗ ಶರೀಅತ್ತಿನ ಪ್ರಕಾರವೇ ಎಂಟು ಪಾಲು ಮಾಡಿದ್ದರು. ಉಮ್ಮನಿಗೆ ಒಂದು, ಇಬ್ಬರು ಗಂಡುಮಕ್ಕಳಿಗೆ ಎರಡೆರಡು, ನಾವು ಮೂವರು ಹೆಣ್ಣುಮಕ್ಕಳಿಗೆ ಒಂದೊಂದು. ಎರಡು ಎಕರೆ ನಲ್ವತ್ತು ಸೆಂಟ್ಸ್‌ನ ಪದವಿನಲ್ಲಿ ನನ್ನ ಪಾಲಿಗೆ ಬಂದದ್ದು 30 ಸೆಂಟ್ಸ್. ಸಹೋದರಿಯರಿಗೆ ಒಂದು ಸೀರೆ ಉಡಿಸಿ ಹಕ್ಕುಬಿಡುಗಡೆ ಬರೆಸಿಕೊಳ್ಳುವ ಮನೆಗಳು ನಮ್ಮಲ್ಲಿ ಇಂದಿಗೂ ಕಡಿಮೆಯೇನಿಲ್ಲ. ಆ ಮಟ್ಟಿಗೆ ನಾನು ಅದೃಷ್ಟವಂತೆ.

ಆಗಲಿ ಎನ್ನಲು ಹೊರಟವಳಿಗೆ ಒಂದು ವಿಷಯ ಹೊಳೆದು ನಾಚಿಕೆಯಾಯಿತು. ಆ ಜಾಗಕ್ಕೆ ನಾನು ಕಾಲಿಡದೆ ಹದಿನೆಂಟು ವರ್ಷವಾಗಿತ್ತು. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದೆ.

ಬಾಲ್ಯದಲ್ಲಿ ಆ ಪದವು ನಮ್ಮ ಅಂಗಳವೇ ಆಗಿತ್ತು. ಮದ್ರಸ ಬಿಟ್ಟೊಡನೆ ಓಡುತ್ತಿದ್ದದ್ದು ಅಲ್ಲಿಗೆ. ಬೇಸಿಗೆಯಲ್ಲಿ ಕುಂಟಲ ಹಣ್ಣು ತಿಂದು ನಾಲಗೆ ನೀಲಿಯಾಗುತ್ತಿತ್ತು. ಕೇಪಳದ ಹಣ್ಣಿಗಾಗಿ ಜಗಳವಾಗುತ್ತಿತ್ತು. ಮಳೆ ಹಿಡಿದು ಒಂದೆರಡು ವಾರಕ್ಕೆ ಅಜ್ಜಿ ಬುಟ್ಟಿ ಹಿಡಿದು ಚಗಟೆ ಸೊಪ್ಪು ಕೊಯ್ಯಲು ಹೊರಡುತ್ತಿದ್ದರು. ಹಿಂದೆ ನಾವು. ಕಲ್ಲಿನ ತಗ್ಗುಗಳಲ್ಲಿ ನಿಂತ ನೀರಿನ ಸುತ್ತ ಬೆರಳಿನ ಉಗುರಿಗಿಂತಲೂ ಚಿಕ್ಕದಾದ ನೀಲಿ ಹೂಗಳು ಚಾಪೆ ಹಾಸಿದಂತೆ ಅರಳುತ್ತಿದ್ದವು. ಆ ಪುಟ್ಟ ಗಿಡ ಬುಡದಲ್ಲಿರುವ ಸಣ್ಣ ಚೀಲಗಳಲ್ಲಿ ಕಣ್ಣಿಗೆ ಕಾಣದಂಥ ಜೀವಿಗಳನ್ನು ಹಿಡಿದು ತಿನ್ನುತ್ತದೆ ಎಂದು ಗೊತ್ತಾದದ್ದು ಮೊನ್ನೆ ಮೊನ್ನೆ, ಮಗಳ ಪುಸ್ತಕದಿಂದ. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ, ಬರೀ ಕಲ್ಲಿನ ನಡುವೆ ಮೊಟ್ಟೆಯಿಡುತ್ತದೆ. ಹತ್ತಿರ ಹೋದರೆ ತಲೆಯ ಮೇಲೆಯೇ ಕೂಗುತ್ತಾ ಸುತ್ತುತ್ತದೆ. "ಅದು ಬೈಯುತ್ತಿದೆ, ಸುತ್ತು ಬಳಸಿ ಬನ್ನಿ" ಎನ್ನುತ್ತಿದ್ದರು ಅಜ್ಜಿ.

ನನಗೆ ಹನ್ನೆರಡು ತುಂಬಿದ ಮೇಲೆ ಪದವು ನಿಂತಿತು. ಯಾರೂ ಗದರಿಸಿ ತಡೆದದ್ದಲ್ಲ. ದೊಡ್ಡವಳಾದೆ ಎಂಬ ಮಾತು ಬಂತು, ಅಷ್ಟೆ. ತಮ್ಮಂದಿರ ಆಟದ ಬಯಲು ಮಾತ್ರ ಅಲ್ಲಿಯೇ ಉಳಿಯಿತು. ಮತ್ತೆ ಅಲ್ಲಿಗೆ ಹೋದದ್ದು ಬೆರಳೆಣಿಕೆಯಷ್ಟು ಸಲ, ಮದುವೆಯಾದ ಮೇಲಂತೂ ಅದೂ ಇಲ್ಲ. ಹೊರಗಿನ ಗಾಳಿ ಬೆಳಕು ಹೆಣ್ಣುಮಕ್ಕಳಿಗಲ್ಲ ಎಂಬುದನ್ನು ನಾವು ಧರ್ಮದ ಲೆಕ್ಕಕ್ಕೆ ಬರೆದುಬಿಟ್ಟಿದ್ದೇವೆ. ಆದರೆ ಹದೀಸ್ ಗ್ರಂಥಗಳಲ್ಲಿ ಬೇರೆಯೇ ಚಿತ್ರ ಸಿಗುತ್ತದೆ. ಪ್ರವಾದಿವರ್ಯರು(ಸ) ಊರ ಹೊರಗೆ ದಿಬ್ಬಗಳಿಂದ ನೀರು ಹರಿದುಬರುವ ತಾಣಗಳಿಗೆ ಹೋಗುತ್ತಿದ್ದರೆಂದು ಹ. ಆಯಿಶಾ(ರ) ನೆನಪಿಸಿಕೊಳ್ಳುತ್ತಾರೆ. ಒಮ್ಮೆ ಹಾಗೆ ಹೊರಡುವಾಗ ಇನ್ನೂ ಪಳಗದ ಒಂಟೆಯೊಂದನ್ನು ಆಯಿಶಾ(ರ) ಅವರಿಗೆ ಕಳುಹಿಸಿ, ಅದರೊಂದಿಗೆ ಮೃದುವಾಗಿರು ಎಂದರಂತೆ. ಅಬೂದಾವೂದ್‌ನಲ್ಲಿ ಈ ವರದಿಯಿದೆ. ಜಾಬಿರ್(ರ) ಅವರ ಚಿಕ್ಕಮ್ಮನ ಘಟನೆ ಮುಸ್ಲಿಮ್‌ನಲ್ಲಿದೆ. ವಿಚ್ಛೇದನದ ಇದ್ದತ್‌ನಲ್ಲಿದ್ದ ಆಕೆ ಖರ್ಜೂರ ಕೊಯ್ಯಲು ಹೊರಟಾಗ ಒಬ್ಬರು ಗದರಿಸಿದರು. ಆಕೆ ನೇರವಾಗಿ ಪ್ರವಾದಿಯವರ(ಸ) ಬಳಿಗೆ ಹೋದರು. ಹೋಗಿ ಕೊಯ್ಯಿರಿ, ಅದರಿಂದ ನೀವು ದಾನವೋ ಒಳಿತೋ ಮಾಡಬಹುದು ಎಂಬ ಅರ್ಥದ ಉತ್ತರ ಸಿಕ್ಕಿತು.

ಮರುದಿನವೇ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ತವರಿಗೆ ಬಸ್ಸು ಹತ್ತಿದೆ.

ಪದವು ಒಣಗಿ ಬಿರಿದಿತ್ತು. ನೋಡಿದವರಿಗೆ ಅಣ್ಣನ ಮಾತೇ ಸರಿ ಎನಿಸಬೇಕು. ಉಮ್ಮ ಮಾತ್ರ ಕೆಳಗಿನ ಬಾವಿಯ ಕಡೆಗೆ ಕೈತೋರಿಸಿ, "ಇದರ ನೀರು ಎಲ್ಲಿಂದ ಬರುತ್ತದೆಂದು ತಿಳಿದಿದ್ದೀ?" ಎಂದು ಕೇಳಿದರು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆದರೂ 2019ರಲ್ಲಿ ಮತ್ತು 2023ರಲ್ಲಿ ಮಂಗಳೂರು ನಗರಕ್ಕೆ ಬೇಸಿಗೆಯಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ಬಿದ್ದ ನೀರನ್ನು ಹಿಡಿದಿಡುವ ಪಾತ್ರೆಗಳಲ್ಲಿ ಪದವೂ ಒಂದು. ಮೇಲೆ ಗಟ್ಟಿ ಕಲ್ಲು ಕಂಡರೂ ಅದರಲ್ಲಿ ಬಿರುಕುಗಳಿವೆ. ಒಳಗಿನ ಮುರಕಲ್ಲಿನ ತುಂಬ ಜೇನುಗೂಡಿನಂತೆ ತೂತುಗಳು. ಅದರ ಅಡಿಯಲ್ಲಿ ಶೇಡಿಮಣ್ಣಿನ ಪದರ. ಇಂಗಿದ ನೀರು ಆ ಶೇಡಿಯ ಮೇಲೆ ನಿಂತು, ಮೆಲ್ಲಗೆ ಪಕ್ಕಕ್ಕೆ ಸರಿದು, ತಿಂಗಳುಗಟ್ಟಲೆ ಕೆಳಗಿನ ಬಾವಿಗೂ ಅಡಿಕೆ ತೋಟಕ್ಕೂ ಒಸರುತ್ತಿರುತ್ತದೆ. ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ಪಡೆಯುವುದು ಇದೇ ಗುಟ್ಟಿನಿಂದ. ಕಲ್ಲನ್ನು ಕಿತ್ತರೆ ಸ್ಪಂಜನ್ನೇ ಕಿತ್ತಂತೆ. ಉಳಿದ ಶೇಡಿಮಣ್ಣು ಮಳೆಗೆ ತೊಳೆದು ತೋಡು ಸೇರುತ್ತದೆ. ಕೋರೆಯ ಹೊಂಡಗಳಲ್ಲಿ ನೀರು ತುಂಬಿದಾಗ ಈಜಲಿಳಿದು ಹೋದ ಮಕ್ಕಳ ಸುದ್ದಿಯನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ನಮ್ಮ ಊರಿನಲ್ಲೇ ಇದರ ಉದಾಹರಣೆಯಿದೆ. ಆಚೆ ಬದಿಯ ಗುಡ್ಡದಲ್ಲಿ ಕೋರೆ ಆರಂಭವಾಗಿ ಆರು ವರ್ಷಕ್ಕೆ ಅದರ ಕೆಳಗಿನ ಎರಡು ಮನೆಗಳ ಬಾವಿ ಮಾರ್ಚ್ ತಿಂಗಳಿಗೇ ತಳ ಕಾಣತೊಡಗಿತು. ಉಮ್ಮನ ಬಾವಿಯಿಂದ ಅವರು ಕೊಡಪಾನದಲ್ಲಿ ನೀರು ಒಯ್ಯುತ್ತಾರೆ. ಹೊರುವವರು ಹೆಂಗಸರೇ, ಮಾರಾಟದ ಮಾತುಕತೆಯಲ್ಲಿ ಅವರು ಇರಲಿಲ್ಲ.

ಇಷ್ಟು ಹೇಳಿ ನಾನು ನಿರ್ದೋಷಿ ಎಂದುಕೊಂಡರೆ ತಪ್ಪಾಗುತ್ತದೆ. ನಾನು ವಾಸಿಸುವ ಮನೆಯ ಗೋಡೆಯೂ ಮುರಕಲ್ಲಿನದೇ. ನೋಡಲು ಚೆಂದವೆಂದು ಅಂಗಳಕ್ಕೆ ಇಂಟರ್‌ಲಾಕ್ ಹಾಸಿಸಿದವಳೂ ನಾನೇ. ಮಳೆನೀರೆಲ್ಲ ಈಗ ರಸ್ತೆಗೆ ಓಡುತ್ತದೆ. ವುಝೂವಿಗೆ ನೀರು ಮಿತವಾಗಿರಲಿ ಎಂಬುದನ್ನು ಎಷ್ಟು ಸಲ ಕೇಳಿಲ್ಲ ನಾವು! ಆ ನೀರು ನಿಲ್ಲುವ ನೆಲದ ಬಗ್ಗೆ ಮಾತ್ರ ಯಾವ ಪ್ರವಚನದಲ್ಲೂ ಕೇಳಿದ ನೆನಪು ನನಗಿಲ್ಲ. ವಿಷಯ ಇಲ್ಲದೆ ಅಲ್ಲ. ಪ್ರವಾದಿವರ್ಯರು(ಸ) ಮದೀನಾವನ್ನು ಹರಮ್ ಎಂದು ಸಾರಿ ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದರು. ಸಮುದಾಯಕ್ಕಾಗಿ ಕಾದಿರಿಸಿದ ಹುಲ್ಲುಗಾವಲಿಗೆ ಹಿಮಾ ಎಂಬ ಹೆಸರಿತ್ತು. ಖಲೀಫಾ ಉಮರ್(ರ) ಅಂಥ ಒಂದು ಹಿಮಾವನ್ನು ನೋಡಿಕೊಳ್ಳಲು ನೇಮಿಸಿದವನಿಗೆ, ನಾಲ್ಕಾರು ಆಡು-ಒಂಟೆಗಳ ಬಡವರನ್ನು ಒಳಗೆ ಬಿಡು, ದೊಡ್ಡ ಮಂದೆಯ ಶ್ರೀಮಂತರನ್ನು ಹೊರಗಿಡು ಎಂದು ತಾಕೀತು ಮಾಡಿದ್ದರು. ಶ್ರೀಮಂತರ ಮಂದೆ ಸತ್ತರೆ ಅವರಿಗೆ ತೋಟ ಹೊಲಗಳಿವೆ, ಬಡವನಿಗೆ ಬೇರೇನಿದೆ ಎಂಬುದು ಅವರ ತರ್ಕ. ಬುಖಾರಿಯಲ್ಲಿರುವ ಈ ಘಟನೆಯನ್ನು ಓದುವಾಗ ನನಗೆ ನೆನಪಾದದ್ದು ಕೊಡಪಾನ ಹೊತ್ತ ಆ ಇಬ್ಬರು ನೆರೆಯವರು.

ಈದ್‌ನ ಮರುದಿನ ಎಲ್ಲರೂ ತವರಿನಲ್ಲಿ ಸೇರಿದೆವು. ಮಾತು ಬಿಸಿಯಾಯಿತು. "ಹೂವು ಹಕ್ಕಿ ಎಂದರೆ ಹೊಟ್ಟೆ ತುಂಬುತ್ತದೆಯೇ?" ಎಂದರು ಅಣ್ಣ. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅವರಿಗೆ ಸಾಲವಿದೆ. ತಂಗಿಗೆ ಮಗಳ ಮದುವೆಯ ಚಿಂತೆ. ಆಕೆ ಕಣ್ಣೊರೆಸಿಕೊಂಡು, "ನೀನು ಇಟ್ಟುಕೊಳ್ಳಬಹುದು ಅಕ್ಕಾ, ನನಗೆ ಆಗುವುದಿಲ್ಲ" ಎಂದಾಗ ನನ್ನ ವಾದವೆಲ್ಲ ಹಗುರವಾಯಿತು. ಉಮ್ಮ ಹೇಳಿದ್ದು ಒಂದೇ ಮಾತು: "ನನ್ನ ಪಾಲು ನಾನು ಕೊಡುವುದಿಲ್ಲ."

ಕೊನೆಗೆ ಆದದ್ದು ಹೀಗೆ. ನನ್ನ ಎರಡು ಬಳೆ ಮಾರಿ, ಕಡಿಮೆ ಬಿದ್ದದ್ದನ್ನು ಯಜಮಾನರಿಂದ ಪಡೆದು ತಂಗಿಯ ಪಾಲನ್ನು ಕೊಂಡುಕೊಂಡೆ. ಕೋರೆಯವರ ಬೆಲೆ ಕೊಡಲಾಗಲಿಲ್ಲ. ಉಳಿದದ್ದನ್ನು ಆಕೆ ಬಿಟ್ಟುಕೊಟ್ಟಳು, ಆ ಋಣ ನನ್ನ ಮೇಲಿದೆ. ಅಕ್ಕ ತನ್ನ ಪಾಲು ಮಾರಲಿಲ್ಲ. ಸೌದಿಯಲ್ಲಿರುವ ತಮ್ಮ ಇನ್ನೂ ಏನೂ ಹೇಳಿಲ್ಲ. ರಸ್ತೆಬದಿಯ ತನ್ನ 60 ಸೆಂಟ್ಸನ್ನು ಅಣ್ಣ ಮಾರಿದರು. ಅಲ್ಲಿಂದ ಕಲ್ಲು ಕೊಯ್ಯುವ ಯಂತ್ರದ ಸದ್ದು ಅಸರ್ ನಮಾಝಿನವರೆಗೂ ಕೇಳುತ್ತದೆ. ಉಮ್ಮನ ಬಾವಿ ಎಷ್ಟು ವರ್ಷ ಹೀಗೆಯೇ ಇದ್ದೀತು, ಅಲ್ಲಾಹನೇ ಬಲ್ಲ.

ಜುಲೈಯಲ್ಲಿ ಮಳೆ ಸ್ವಲ್ಪ ಹೊಳವಾದ ಒಂದು ದಿನ ಮಕ್ಕಳೊಂದಿಗೆ ಮತ್ತೆ ಪದವು ಹತ್ತಿದೆ. ಮೊಣಕಾಲು ನೋವಿನ ಉಮ್ಮ ಕೋಲೂರಿಕೊಂಡು ಅರ್ಧದವರೆಗೆ ಬಂದು ಕಲ್ಲಿನ ಮೇಲೆ ಕುಳಿತರು. ಕಿರಿಯವಳು ಚಪ್ಪಲಿ ಕಳಚಿ ನೀರಿನ ತಗ್ಗಿಗಿಳಿದಳು. ನೀಲಿ ಹೂಗಳು ಇನ್ನೂ ಇದ್ದವು. ತಲೆಯ ಮೇಲೆ ಟಿಟ್ಟಿಭವೊಂದು ಕೂಗುತ್ತಾ ಸುತ್ತತೊಡಗಿದಾಗ ಹಿರಿಯವಳು ಹೆದರಿ ನನ್ನ ಕೈ ಹಿಡಿದಳು.

"ಬೈಯುತ್ತಿದೆ, ಸುತ್ತು ಬಳಸಿ ಹೋಗೋಣ" ಎಂದೆ.