ಯಮುನೆ ಸ್ವಚ್ಛವಾದರಷ್ಟೇ ಸಾಕೇ? ದೆಹಲಿಯ ಮೀನುಗಳಿಗೆ ಬೇಕಿರುವುದು ಹರಿಯುವ ನೀರು!

ನವದೆಹಲಿ: ದೆಹಲಿಯ ಯಮುನೆ ಎಂದಾಕ್ಷಣ ಕಣ್ಮುಂದೆ ಬರುವುದು ಕಾಳಿಂದಿ ಕುಂಜ್ ಬಳಿಯ ಬಿಳಿ ನೊರೆ. ಹಾಗಾಗಿ ಚರ್ಚೆಯೆಲ್ಲಾ ಕೊಳಚೆ ನೀರು ಮತ್ತು ಶುದ್ಧೀಕರಣ ಘಟಕಗಳ ಸುತ್ತಲೇ ನಡೆಯುತ್ತದೆ. ಆದರೆ ನದಿಯಲ್ಲಿ ಮತ್ತೆ ಮೀನು ಕಾಣಬೇಕಾದರೆ ನೀರು ಶುದ್ಧವಾದರಷ್ಟೇ ಸಾಲದು, ಅದು ಹರಿಯಲೂ ಬೇಕು. ಯಾಕೆ ಅಂತೀರಾ? ಇಲ್ಲಿದೆ ವಿವರ.

ಒಂದೇ ನದಿ, ಹಲವು ಮನೆ

ನಮಗೆ ನದಿ ಒಂದೇ ಆಗಿ ಕಂಡರೂ ಮೀನಿಗೆ ಅದರಲ್ಲಿ ಹಲವು ಕೋಣೆಗಳಿವೆ. ಕಲ್ಲುಗಳ ಮೇಲೆ ರಭಸದಿಂದ ಹರಿಯುವ ತೆಳು ನೀರಿನಲ್ಲಿ ಆಮ್ಲಜನಕ ಹೆಚ್ಚು. ಹಿಮಾಲಯದ ತಪ್ಪಲಿನ ಮಹಶೀರ್ ಮೊಟ್ಟೆ ಇಡಲು ಹುಡುಕುವುದು ಇಂತಹ ಜಾಗವನ್ನೇ. ಬೇಸಿಗೆಯಲ್ಲಿ ಹರಿವು ಕುಗ್ಗಿದಾಗ ದೊಡ್ಡ ಮೀನುಗಳಿಗೆ ಆಸರೆಯಾಗುವುದು ಆಳವಾದ ಮಡುಗಳು. ಬಾಳೆಮೀನಿನಂತಹ ಬೇಟೆಗಾರ ಮೀನುಗಳ ವಾಸವೂ ಅಲ್ಲೇ. ದಡದ ಜೊಂಡು ಮತ್ತು ಕೆಸರು ನೀರು ಕೊರವ, ಮಾಗುರ್‌ಗಳ ಪಾಲು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೂ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು ಇವು.

ರೋಹು, ಕಾಟ್ಲಾ, ಮೃಗಾಲ್ ಒಂದೇ ನೀರನ್ನು ಹಂಚಿಕೊಳ್ಳುವ ರೀತಿಯೂ ಕುತೂಹಲಕರ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಆಹಾರ ಹುಡುಕುತ್ತವೆ.

ಪ್ರವಾಹವೇ ಕರೆಗಂಟೆ

ಮೊದಲ ಮಳೆಗೆ ಹೊಳೆಯಿಂದ ಗದ್ದೆ ಕಡೆಗೆ ನುಗ್ಗುವ ಹತ್ತುಮೀನು ಮಲೆನಾಡಿನವರಿಗೆ ಚಿರಪರಿಚಿತ. ಯಮುನೆಯಲ್ಲೂ ನಡೆಯುವುದು ಇದೇ. ಮುಂಗಾರಿನಲ್ಲಿ ನೀರಿನ ಮಟ್ಟ ಏರಿ, ಬಣ್ಣ ಬದಲಾಗಿ, ಹರಿವು ಹೆಚ್ಚಿದಾಗ ರೋಹು ಜಾತಿಯ ಮೀನುಗಳು ದಡದ ತೆಳು ನೀರಿನಲ್ಲಿ ಮೊಟ್ಟೆ ಇಡುತ್ತವೆ. ಒಂದು ದಿನದೊಳಗೆ ಮೊಟ್ಟೆ ಒಡೆಯುತ್ತದೆ. ನೆರೆ ನೀರು ನಿಂತ ಹೊಲ, ತಗ್ಗುಗಳೇ ಮರಿಗಳಿಗೆ ತೊಟ್ಟಿಲು. ಅಲ್ಲಿ ಆಹಾರ ಹೇರಳ, ಸೆಳೆತ ಕಡಿಮೆ.

2023ರ ಜುಲೈ 13ರಂದು ದೆಹಲಿಯ ಹಳೇ ರೈಲ್ವೆ ಸೇತುವೆ ಬಳಿ ಯಮುನೆಯ ಮಟ್ಟ 208.66 ಮೀಟರ್‌ಗೆ ಏರಿ, 1978ರ 207.49 ಮೀಟರ್ ದಾಖಲೆಯನ್ನು ಮುರಿದಿತ್ತು. ನಗರಕ್ಕೆ ಅದು ವಿಪತ್ತು. ಆದರೆ ಪ್ರತಿವರ್ಷದ ಸಾಧಾರಣ ನೆರೆ ಬಯಲಿಗೆ ಹರಡದಿದ್ದರೆ ಮೀನಿನ ಸಂತತಿಗೆ ಕುತ್ತು. ನದಿಬಯಲಿನ ಒತ್ತುವರಿಯಿಂದ ನಷ್ಟವಾಗುವುದು ಬರೀ ಭೂಮಿಯಲ್ಲ, ಮೀನಿನ ಹೆರಿಗೆ ಮನೆ ಕೂಡ.

ದೆಹಲಿಯಲ್ಲಿ ಆಗುತ್ತಿರುವುದೇನು?

ಪಲ್ಲಾ ಬಳಿ ದೆಹಲಿ ಪ್ರವೇಶಿಸುವ ಯಮುನೆಯಲ್ಲಿ ಇನ್ನೂ ಜೀವವಿದೆ. ವಜೀರಾಬಾದ್ ಬ್ಯಾರೇಜ್‌ನಲ್ಲಿ ಕುಡಿಯಲೆಂದು ನೀರನ್ನು ತೆಗೆದುಕೊಂಡ ಮೇಲೆ, ಮಳೆಗಾಲ ಬಿಟ್ಟರೆ ಕೆಳಗೆ ಹರಿಯುವ ಸಿಹಿನೀರು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿಗೆ ಸೇರುವುದು ನಜಫ್‌ಗಢ ನಾಲೆಯ ಕೊಳಚೆ. ಮೀನುಗಾರಿಕೆಗೆ ಯೋಗ್ಯ ಎನಿಸಲು ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಇಲ್ಲಿಂದ ಮುಂದೆ ಅದು ಎಷ್ಟೋ ತಿಂಗಳು ಶೂನ್ಯ. ವಜೀರಾಬಾದ್‌ನಿಂದ ಓಖ್ಲಾವರೆಗಿನ ಈ ಹಾದಿ ಕೇವಲ 22 ಕಿ.ಮೀ., 1,376 ಕಿ.ಮೀ. ಉದ್ದದ ನದಿಯ ಶೇ. 2ಕ್ಕಿಂತಲೂ ಕಡಿಮೆ.

ಇದೇ ಹಾದಿಯಲ್ಲಿ ವಜೀರಾಬಾದ್, ಐಟಿಒ, ಓಖ್ಲಾ ಎಂಬ ಮೂರು ಬ್ಯಾರೇಜ್‌ಗಳಿವೆ. ಗೇಟು ಮುಚ್ಚಿದಾಗ ಮೇಲಕ್ಕೆ ಈಜುವ ಮೀನಿಗೆ ಅದು ಗೋಡೆಯೇ ಸರಿ. ಹರಿಯುವ ನೀರು ನಿಂತ ಕೆರೆಯಂತಾದರೆ ತಿಲಾಪಿಯಾ, ಕಾಮನ್ ಕಾರ್ಪ್‌ನಂತಹ ಹೊರಗಿನ, ಗಟ್ಟಿ ಜೀವದ ಮೀನುಗಳಿಗೆ ಅನುಕೂಲ.

ಎಷ್ಟು ನೀರು ಬೇಕು?

ಯಮುನೆಯಲ್ಲಿ ಸೆಕೆಂಡಿಗೆ ಕನಿಷ್ಠ 10 ಘನ ಮೀಟರ್, ಅಂದರೆ 10,000 ಲೀಟರ್ ಹರಿವು ಇರಬೇಕೆಂದು ಸುಪ್ರೀಂ ಕೋರ್ಟ್ 1999ರಲ್ಲಿ ಸೂಚಿಸಿತ್ತು. ಆದರೆ ಹರಿಯಾಣದ ಹಥನಿಕುಂಡ್ ಬ್ಯಾರೇಜ್‌ನಿಂದ ಬೇಸಿಗೆಯಂತಹ ಕಡಿಮೆ ಹರಿವಿನ ದಿನಗಳಲ್ಲಿ 23 ಘನ ಮೀಟರ್ ಬಿಡಬೇಕು ಎಂಬುದು ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಶಿಫಾರಸು.

ಆ ನೀರು ಎಲ್ಲಿಂದ ಬರಬೇಕು? ಹಥನಿಕುಂಡ್‌ನಲ್ಲಿ ಬಹುಪಾಲು ನೀರು ಕಾಲುವೆಗಳ ಮೂಲಕ ಹೊಲಗಳಿಗೆ, ನಗರಗಳಿಗೆ ಹೋಗುತ್ತದೆ. ರೇಣುಕಾಜಿ, ಕಿಶೌ, ಲಖ್ವಾರ್ ಅಣೆಕಟ್ಟುಗಳು ಮುಗಿದ ನಂತರವೇ ಹೆಚ್ಚುವರಿ ನೀರು ಸಾಧ್ಯ ಎನ್ನುವುದು ಮೇಲಿನ ಯಮುನಾ ನದಿ ಮಂಡಳಿಯ ನಿಲುವು. ಇಕ್ಕಟ್ಟು ಇರುವುದು ಇಲ್ಲೇ. ರೇಣುಕಾಜಿ ಅಣೆಕಟ್ಟು ಬರುವುದು ಮಹಶೀರ್‌ಗೆ ಹೆಸರಾದ ಗಿರಿ ನದಿಗೆ. ಕೆಳಗಿನ ಮೀನಿಗೆ ನೀರು ಕೊಡಲು ಹೋಗಿ ಮೇಲಿನ ಮೀನಿನ ದಾರಿಯನ್ನೇ ಮುಚ್ಚಿದಂತಾದೀತು.

ಅಲ್ಲದೆ, ವರ್ಷಪೂರ್ತಿ ಒಂದೇ ಅಳತೆಯ ನೀರು ಬಿಟ್ಟರೂ ಮೀನಿಗೆ ಪ್ರಯೋಜನ ಕಡಿಮೆ. ಬೇಸಿಗೆಯಲ್ಲಿ ಮಡುಗಳು ಬತ್ತದಷ್ಟು, ಮುಂಗಾರಿನಲ್ಲಿ ಬಯಲು ಮುಟ್ಟುವಷ್ಟು ನೀರು ಬೇಕು. ಯಮುನೆ ಬದುಕಿದೆಯೇ ಎಂದು ಅಳೆಯಲು ನೊರೆ ಕರಗಿತೇ ಎಂದು ನೋಡಿದರೆ ಸಾಲದು, ಓಖ್ಲಾದ ಮೀನು ಈಜಿ ಪಲ್ಲಾ ತಲುಪಬಲ್ಲದೇ ಎಂದೂ ಕೇಳಬೇಕು.