ಉಣ್ಣೆ ನಾಯಿಯ ಮೈಮೇಲಷ್ಟೇ ಇಲ್ಲ

ಜಗಲಿಯ ಮೂಲೆಯಲ್ಲಿ ಮಲಗಿದ ನಾಯಿ ಹಿಂಗಾಲಿನಿಂದ ಮತ್ತೆ ಮತ್ತೆ ಕಿವಿ ಕೆರೆದುಕೊಳ್ಳುತ್ತದೆ. ಕಿವಿ ಮಡಚಿ ನೋಡಿದರೆ ಒಳಗೆ ಹರಳುಬೀಜದಂತೆ ಉಬ್ಬಿಕೊಂಡ ಉಣ್ಣೆ. ಈ ಹೋಲಿಕೆ ಹೊಸದಲ್ಲ. ಹರಳುಗಿಡದ ಸಸ್ಯಶಾಸ್ತ್ರೀಯ ಹೆಸರು ರಿಸಿನಸ್. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಉಣ್ಣೆ ಎಂದೇ ಅರ್ಥ. ಮನೆಯವರು ಅದನ್ನು ಕಿತ್ತು, ಕಲ್ಲಿನ ಮೇಲೆ ಹೊಸಕಿ, ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಕೆಲವು ದಿನಗಳಲ್ಲಿ ಮತ್ತೆ ಅದೇ ಕೆರೆತ.

ನಾಯಿಯ ಮೈಮೇಲೆ ಕಾಣುವುದು ಉಣ್ಣೆ ಸಂಸಾರದ ಸಣ್ಣದೊಂದು ಭಾಗ ಮಾತ್ರ. ಕಂದು ಬಣ್ಣದ ನಾಯಿ ಉಣ್ಣೆ ತನ್ನ ಜೀವನದಲ್ಲಿ ಮೂರು ಬಾರಿ ನಾಯಿಯನ್ನು ಹತ್ತಿ, ರಕ್ತ ಹೀರಿ, ಮೂರು ಬಾರಿಯೂ ಕೆಳಗಿಳಿಯುತ್ತದೆ. ಮರಿಯಾಗಿದ್ದಾಗ ಇದಕ್ಕೆ ಆರು ಕಾಲು, ಬೆಳೆದ ಮೇಲೆ ಎಂಟು. ಆದ್ದರಿಂದ ಇದು ಕೀಟವಲ್ಲ, ಜೇಡ ಮತ್ತು ಚೇಳುಗಳ ಬಂಧು. ಕೊನೆಯ ಬಾರಿ ಹೊಟ್ಟೆ ತುಂಬಿಸಿಕೊಂಡ ಹೆಣ್ಣು ಗೋಡೆಯ ಬಿರುಕಿನಲ್ಲೋ ಬಾಗಿಲ ಸಂದಿಯಲ್ಲೋ ಸೇರಿ 4,000ದವರೆಗೆ ಮೊಟ್ಟೆಯಿಟ್ಟು ಸಾಯುತ್ತದೆ. ಆಹಾರವಿಲ್ಲದೆಯೂ ಉಣ್ಣೆ ಹಲವು ತಿಂಗಳು ಕಾದಿರಬಲ್ಲದು. ಚಿಗಟದ ಕಥೆಯೂ ಹೆಚ್ಚುಕಡಿಮೆ ಇದೇ. ಅದರ ಮೊಟ್ಟೆಗಳು ನಾಯಿಯ ಕೂದಲಿನಿಂದ ಜಾರಿ, ಮಲಗುವ ಗೋಣಿಚೀಲದಲ್ಲಿ ಬಿದ್ದು, ಅಲ್ಲೇ ಮರಿಯಾಗುತ್ತವೆ.

ಕಡಿತಕ್ಕಿಂತ ಜ್ವರ ದೊಡ್ಡದು

ಉಣ್ಣೆ ಹೀರುವ ರಕ್ತಕ್ಕಿಂತ ಅದು ಬಿಟ್ಟುಹೋಗುವ ರೋಗಾಣು ಹೆಚ್ಚು ಅಪಾಯಕಾರಿ. ಎರ್ಲಿಕಿಯ ಎಂಬ ಸೂಕ್ಷ್ಮಾಣುವನ್ನು ನಾಯಿಗಳಲ್ಲಿ ಮೊದಲು ಗುರುತಿಸಿದ್ದು 1935ರಲ್ಲಿ, ಅಲ್ಜೀರಿಯಾದಲ್ಲಿ. ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಸೇನೆ ಇದಕ್ಕೆ ತನ್ನ ನೂರಾರು ನಾಯಿಗಳನ್ನು ಕಳೆದುಕೊಂಡಿತು. ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಬರುವುದು ಇದರ ಲಕ್ಷಣಗಳು. ಬೆಬೀಸಿಯ ಎಂಬ ಇನ್ನೊಂದು ಪರಾವಲಂಬಿ ಕೆಂಪು ರಕ್ತಕಣಗಳನ್ನೇ ಒಡೆಯುವುದರಿಂದ ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಬೇಗ ಪತ್ತೆಯಾದರೆ ಎರಡಕ್ಕೂ ಚಿಕಿತ್ಸೆಯಿದೆ. ತಡವಾದರೆ ನಾಯಿ ಉಳಿಯುವುದು ಕಷ್ಟ.

ಮಲೆನಾಡಿನವರಿಗೆ ಉಣ್ಣೆಯೆಂದರೆ ಮಂಗನ ಕಾಯಿಲೆ ನೆನಪಾಗುವುದು ಸಹಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಆ ರೋಗವನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೆ ಜಾತಿಯ ಉಣುಗು. ಆದರೂ ಕಾಡಿಗೆ ಹೋಗಿಬಂದ ನಾಯಿಯ ಮೈ ತಡವಿ ನೋಡುವುದು ಒಳ್ಳೆಯದು. ಯಾವ ಉಣ್ಣೆಯನ್ನೂ ಬರಿಬೆರಳಲ್ಲಿ ಹೊಸಕಬಾರದು. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು, ನೇರವಾಗಿ ಎಳೆದು, ಸ್ಪಿರಿಟ್ಟಿಗೆ ಹಾಕಬೇಕು.

ಯಾವುದನ್ನು ಆರಿಸುವುದು?

ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ಕಾಟ ಯಾವುದರದು ಎಂಬುದನ್ನು. ನೀರಿನಲ್ಲಿ ಬೆರೆಸಿ ಮೈಗೆ ಹಚ್ಚುವ ಅಮಿಟ್ರಾಜ್ ಉಣ್ಣೆಗೆ ಒಳ್ಳೆಯ ಔಷಧಿ, ಚಿಗಟಕ್ಕೆ ಪ್ರಯೋಜನವಿಲ್ಲ. ಕತ್ತಿನ ಹಿಂದೆ ಚರ್ಮಕ್ಕೆ ಬಿಡುವ ಫಿಪ್ರೊನಿಲ್ ಹನಿ ಎರಡಕ್ಕೂ ಆಗುತ್ತದೆ. ಅದು ಚರ್ಮದ ಜಿಡ್ಡಿನೊಂದಿಗೆ ಹರಡುವುದರಿಂದ ಹಿಂದು ಮುಂದಿನ ಎರಡು ದಿನ ಸ್ನಾನ ಮಾಡಿಸಬಾರದು. ಫ್ಲುಮೆಥ್ರಿನ್ ಮತ್ತು ಇಮಿಡಾಕ್ಲೊಪ್ರಿಡ್ ಬೆರೆತ ಕೊರಳಪಟ್ಟಿ ಎಂಟು ತಿಂಗಳವರೆಗೆ ಕೆಲಸ ಮಾಡಬಲ್ಲದು. ಈಚಿನ ಗುಳಿಗೆಗಳಲ್ಲಿ ಅಫಾಕ್ಸೊಲನರ್ ಒಂದು ತಿಂಗಳು, ಫ್ಲುರಾಲನರ್ ಸುಮಾರು ಮೂರು ತಿಂಗಳು ಕಾಯುತ್ತವೆ. ಸ್ನಾನದಿಂದ ಇವುಗಳ ಶಕ್ತಿ ಕುಂದುವುದಿಲ್ಲ. ಆದರೆ ಉಣ್ಣೆ ಕಚ್ಚಿದ ಮೇಲೆಯೇ ಇವು ಅದನ್ನು ಕೊಲ್ಲುವುದು. ಹಿಂದೆ ಫಿಟ್ಸ್ ಬಂದಿರುವ ನಾಯಿಗೆ ಇವನ್ನು ಕೊಡುವ ಮುನ್ನ ಯೋಚಿಸಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿದೆ.

ಮದ್ದೇ ವಿಷವಾಗದಿರಲಿ

ಹೊಲಕ್ಕೆ ತಂದ ಕೀಟನಾಶಕವನ್ನು ಅಂದಾಜಿನ ಮೇಲೆ ಬೆರೆಸಿ ನಾಯಿಗೆ ಸುರಿಯುವುದುಂಟು. ನಾಯಿ ಮೈ ನೆಕ್ಕುವ ಪ್ರಾಣಿ. ಹಚ್ಚಿದ ವಿಷವೆಲ್ಲ ಹೊಟ್ಟೆ ಸೇರುತ್ತದೆ. ಜೊಲ್ಲು ಸುರಿದು, ಮೈ ನಡುಗಿ, ಉಣ್ಣೆಗಿಂತ ಮೊದಲು ನಾಯಿಯೇ ಸಾಯಬಹುದು. ದೊಡ್ಡ ನಾಯಿಯ ಔಷಧಿಯನ್ನು ಅಂದಾಜಿನಲ್ಲಿ ಪಾಲು ಮಾಡಿ ಮರಿಗೆ ಹಾಕುವುದೂ ತಪ್ಪು. ತೂಕ ಮತ್ತು ವಯಸ್ಸನ್ನು ಪಶುವೈದ್ಯರಿಗೆ ತಿಳಿಸಿಯೇ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ ಬೇಕು. ನಾಯಿಗೆ ಹಾಕುವ ಪರ್ಮೆಥ್ರಿನ್ನನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ಅದು ಬೆಕ್ಕಿಗೆ ಮಾರಕ.

ಔಷಧಿಯ ಜತೆಗೆ ಮನೆಯ ಕೆಲಸವೂ ನಡೆಯಬೇಕು. ನಾಯಿಯ ಹಾಸನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಗೂಡಿನ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಬೇಕು. ಉಣ್ಣೆ ಕಾಣದ ತಿಂಗಳಲ್ಲೂ ಔಷಧಿ ತಪ್ಪಿಸಬಾರದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಆ ದಿನಕ್ಕೊಂದು ಗುರುತು ಹಾಕಿಟ್ಟರೆ ಸಾಕು. ಲೆಕ್ಕ ಇಡಲಾರದ ಪ್ರಾಣಿಯ ಪರವಾಗಿ ಯಜಮಾನ ಇಡಬೇಕಾದ ಲೆಕ್ಕ ಅದು.