‘ಹಾವಿನ ತಲೆಯ ಚಿಟ್ಟೆ’ ಕಚ್ಚಿದರೆ ಅಪಾಯವೇ?

ರೆಕ್ಕೆಯ ತುದಿಯಲ್ಲಿ ಹಾವಿನ ತಲೆ ಇರುವಂತೆ ಕಾಣುವ ದೊಡ್ಡ ‘ಚಿಟ್ಟೆ’ಯ ಫೋಟೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ವಿಷಕಾರಿಯೇ? ನಾವು ಪರಿಶೀಲಿಸೋಣ.

ಈ ಕೀಟ ನಿಜ. ಆದರೆ ಚಿಟ್ಟೆಯಲ್ಲ, ಅಟ್ಲಾಸ್ ಪತಂಗ. ಚಿಟ್ಟೆಯ ಮೀಸೆ ತೆಳ್ಳಗಿದ್ದು ತುದಿ ದಪ್ಪಗಿರುತ್ತದೆ; ಇದರ ಮೀಸೆ ಹಕ್ಕಿಯ ಗರಿಯಂತಿದೆ. 1758ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟವರು ಲಿನೇಯಸ್. ಈಗಿನ ಹೆಸರು ಅಟಾಕಸ್ ಅಟ್ಲಾಸ್. ಟಸರ್ ರೇಷ್ಮೆ ಕೊಡುವ ಪತಂಗವೂ ಇದೇ ಕುಟುಂಬದ್ದು. ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಇದನ್ನೇ ಹೋಲುವ ಅಟಾಕಸ್ ಟಪ್ರೊಬಾನಿಸ್ ಎಂಬ ಪ್ರಭೇದವಿದೆ. ಹಾಗಾಗಿ ಗುರುತಿಸಲು ಫೋಟೊ ಎಲ್ಲಿಯದು ಎಂಬುದೂ ಮುಖ್ಯ.

ಇದು ಕಚ್ಚಲಾರದು, ಕುಟುಕಲಾರದು. ರೆಕ್ಕೆ ಬಂದ ಮೇಲೆ ಇದಕ್ಕೆ ತಿನ್ನುವ ಬಾಯಿಯೇ ಇಲ್ಲ! ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕುತ್ತದೆ. ಅಷ್ಟರಲ್ಲೇ ಜೋಡಿ ಹುಡುಕಿ ಮೊಟ್ಟೆ ಇಡಬೇಕು. ‘ಹಾವಿನ ತಲೆ’ ಬರೀ ಬಣ್ಣದ ವಿನ್ಯಾಸ. ಹಕ್ಕಿಗಳನ್ನು ಹೆದರಿಸಲು ಇರಬಹುದು ಎಂಬುದು ಒಂದು ವಿವರಣೆ.

ಗೋಡೆಯ ಮೇಲೆ ಕಂಡರೆ ಪೊರಕೆ ಎತ್ತಬೇಡಿ. ದೀಪ ಆರಿಸಿ, ಕಿಟಕಿ ತೆರೆದಿಡಿ. ಫೋಟೊ ಹಂಚುವುದಾದರೆ ‘ವಿಷ’ ಎಂಬ ಸಾಲು ಅಳಿಸಿ, ಊರು ಮತ್ತು ದಿನಾಂಕ ಸೇರಿಸಿ.